ಮೆಲ್ಲನೆ ಇಳಿಯುವ ಗಾಳಿ

ನಮ್ಮ ಕಾರಿನ ಹಿಂಬದಿಯ ಎಡಚಕ್ರಕ್ಕೆ ಪ್ರತಿ ಸೋಮವಾರ ಬೆಳಿಗ್ಗೆ ಗಾಳಿ ತುಂಬಿಸುವುದು ಕೆಲವು ತಿಂಗಳ ಕಾಲ ನಮ್ಮ ಮನೆಯ ವ್ರತನಿಯಮಗಳಲ್ಲಿ ಒಂದಾಗಿತ್ತು. ಶನಿವಾರಕ್ಕೆ ಹನುಮಂತರಾಯನ ಗುಡಿ, ಸೋಮವಾರಕ್ಕೆ ಪೆಟ್ರೋಲು ಬಂಕು. ಉಳಿದ ಮೂರು ಚಕ್ರಗಳು ಗಂಭೀರವಾಗಿ ನಿಂತಿರುತ್ತಿದ್ದವು. ಇದೊಂದು ಮಾತ್ರ ವಾರ ಕಳೆಯುವುದರೊಳಗೆ ೩೩ ಪೌಂಡಿನಿಂದ ೨೫ಕ್ಕೆ ಇಳಿದು, ಹಬ್ಬದೂಟ ಮುಗಿಸಿ ಗೋಡೆಗೆ ಒರಗಿದವರಂತೆ ಸೊಂಟ ಸಡಿಲಿಸಿ ಕುಳಿತಿರುತ್ತಿತ್ತು. ಬಂಕಿನ ಹುಡುಗನಿಗೂ ನನಗೂ ಸ್ನೇಹ ಬೆಳೆದು, ನಾನು ಬಾಯಿ ತೆರೆಯುವ ಮೊದಲೇ ಅವನು, "ಅದೇ ಚಕ್ರ ತಾನೆ ಸಾರ್?" ಎಂದು ಕೇಳುತ್ತಿದ್ದನು.

"ರೀ, ತೂತಾದ ಮಡಕೆಗೆ ಇನ್ನೆಷ್ಟು ದಿನ ನೀರು ಹೊಯ್ಯುತ್ತೀರಿ?" ಎಂದು ನನ್ನಾಕೆ ಒಂದೆರಡು ಸಲ ಎಚ್ಚರಿಸಿದ್ದುಂಟು. "ವಾರಕ್ಕೆ ಎರಡು ನಿಮಿಷದ ಕೆಲಸ, ಅದಕ್ಕೇನು?" ಎಂದು ನಾನು ಹಾರಿಸಿಬಿಟ್ಟಿದ್ದೆ.

ಚಕ್ರವು ನಡುದಾರಿಯಲ್ಲಿ ಒಮ್ಮೆಲೇ ನೆಲ ಹಿಡಿದರೆ ಯಾರೂ ಸುಮ್ಮನಿರಲಾರರು. ಕಾರು ನಿಲ್ಲುತ್ತದೆ, ಜಾಕು ಹೊರಬರುತ್ತದೆ, ದಾರಿಹೋಕರು ಸಲಹೆ ಕೊಡುತ್ತಾರೆ, ಒಂದು ಗಂಟೆಯಲ್ಲಿ ವ್ಯಾಜ್ಯ ತೀರುತ್ತದೆ. ಮೆಲ್ಲನೆ ಸೋರುವ ಚಕ್ರದ ಸ್ವಭಾವ ಬೇರೆ. ಅದು ನಮ್ಮೊಡನೆ ರಾಜಿ ಮಾಡಿಕೊಳ್ಳುತ್ತದೆ. ಇಂದು ಹೋಗಿ ಬರುವಷ್ಟು ಗಾಳಿಯನ್ನು ಉಳಿಸಿಕೊಟ್ಟು, ನಾಳೆಯ ಮಾತು ನಾಳೆಗೆ ಎನ್ನುತ್ತದೆ. ನಾವೂ ತಲೆದೂಗುತ್ತೇವೆ.

ನಾನಿರುವುದು ಬ್ಯಾಟರಾಯನಪುರದಲ್ಲಿ. ಬೆಂಗಳೂರಿನಲ್ಲಿ ಈ ಹೆಸರಿನ ಬಡಾವಣೆಗಳು ಎರಡಿದ್ದು, ಒಂದು ಮೈಸೂರು ರಸ್ತೆಯಲ್ಲಿದೆ. ನಮ್ಮದು ಬಳ್ಳಾರಿ ರಸ್ತೆಯಲ್ಲಿ, ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ. (ಒಂದರ ಪಾರ್ಸೆಲು ಇನ್ನೊಂದಕ್ಕೆ ಹೋಗಿ ಆಗುವ ರಗಳೆಯನ್ನು ಬರೆಯಹೊರಟರೆ ಅದೇ ಬೇರೊಂದು ಲೇಖನವಾದೀತು.) ೨೦೦೭ರಲ್ಲಿ ಮಹಾನಗರ ಪಾಲಿಕೆಯಲ್ಲಿ ಲೀನವಾಗುವ ಮುನ್ನ ಇದಕ್ಕೆ ತನ್ನದೇ ಆದ ನಗರಸಭೆಯಿತ್ತು. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಊರಿನ ಮುಂದಿನ ರಸ್ತೆಯ ಲಕ್ಷಣವೇ ಬದಲಾಯಿತು. ೨೦೧೪ರಲ್ಲಿ ನೆತ್ತಿಯ ಮೇಲೊಂದು ಎತ್ತರಿಸಿದ ಹೆದ್ದಾರಿ ಬಂದಿತು. ಬಳಿಕ ವಿಮಾನ ನಿಲ್ದಾಣದ ಕಡೆಗೆ ಮೆಟ್ರೊ ಕಾಮಗಾರಿಯೂ ಆರಂಭವಾಯಿತು. ವಿಮಾನ ಹಿಡಿಯುವವರು ಮೇಲಿನ ರಸ್ತೆಯಲ್ಲಿ ಹಾರಿಹೋಗುತ್ತಾರೆ. ಸ್ಥಳವಾಸಿಗಳಾದ ನಮಗೆ ಕೆಳಗಿನ ಸರ್ವಿಸ್ ರಸ್ತೆಯೇ ಗತಿ. ಕಟ್ಟಡ ಕಟ್ಟುವವರ ಲಾರಿಗಳಿಂದ ಉದುರಿದ ಮೊಳೆ, ಕಂಬಿ ಕಟ್ಟುವ ತಂತಿಯ ತುಂಡು, ಸ್ಕ್ರೂಗಳು ಎಲ್ಲವೂ ಮಳೆನೀರಿನೊಡನೆ ಹರಿದುಬಂದು ಸೇರುವುದು ಈ ರಸ್ತೆಯ ಅಂಚಿಗೆ. ಸ್ಕೂಟರಿನವರಿಗೆ ದಾರಿ ಬಿಟ್ಟು ನಾವು ಚಕ್ರ ಇಳಿಸುವುದೂ ಅದೇ ಅಂಚಿಗೆ. ನಗರದ ಹೊರವರ್ತುಲ ರಸ್ತೆಯಲ್ಲಿ ಪದೇಪದೇ ಪಂಕ್ಚರಾಗಿ ಬೇಸತ್ತ ಇಂಜಿನಿಯರೊಬ್ಬರು, ಸುಮಾರು ಹತ್ತು ವರ್ಷಗಳ ಹಿಂದೆ, ಕೋಲಿಗೆ ಆಯಸ್ಕಾಂತ ಕಟ್ಟಿಕೊಂಡು ಕಿಲೋಗಟ್ಟಲೆ ಮೊಳೆ ಆರಿಸಿದ ಸುದ್ದಿಯನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಆ ಮೊಳೆಗಳನ್ನು ಬೇಕೆಂದೇ ಚೆಲ್ಲುತ್ತಾರೆಂಬ ಗುಮಾನಿಯೂ ಆಗ ಎದ್ದಿತ್ತು. ಅಂದಿನಿಂದ ಊರಿನ ಪಂಕ್ಚರ್ ಅಂಗಡಿಯವರನ್ನೆಲ್ಲ ಸಂಶಯದಿಂದ ನೋಡುವುದು ಒಂದು ರೂಢಿಯಾಗಿದೆ. ಈ ರೂಢಿ ಎಷ್ಟು ಅನ್ಯಾಯದ್ದೆಂಬುದನ್ನು ಮುಂದೆ ಹೇಳುತ್ತೇನೆ.

ಹಿಂದಿನ ಕಾಲದಲ್ಲಿ ಮೆಲ್ಲನೆ ಸೋರುವ ಕಾಯಿಲೆ ಈಗಿನಷ್ಟು ಗುಟ್ಟಾಗಿ ಇರುತ್ತಿರಲಿಲ್ಲ. ಗಾಳಿ ತುಂಬಿದ ಚಕ್ರದ ಕಲ್ಪನೆಗೆ ೧೮೪೫ರಲ್ಲೇ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು ಪೇಟೆಂಟ್ ಪಡೆದಿದ್ದ. ಲೋಕ ಅದನ್ನು ಮರೆಯಿತು. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಹೂಡಿದ ಉಪಾಯದಿಂದ ಅದು ಮರುಹುಟ್ಟು ಪಡೆಯಿತು. ಅಲ್ಲಿಂದ ಬಹುಕಾಲ ಟೈರಿನೊಳಗೊಂದು ಟ್ಯೂಬು, ಟ್ಯೂಬಿನೊಳಗೆ ಗಾಳಿ ಎಂಬ ಏರ್ಪಾಡು ನಡೆಯಿತು. ಟ್ಯೂಬಿಗೆ ಮೊಳೆ ತಾಗಿದರೆ ಗಾಳಿ ಕೂಡಲೇ ಹೊರಟುಹೋಗುವುದು, ಗುಟ್ಟಿಗೆ ಅವಕಾಶವಿಲ್ಲ. ಅಮೆರಿಕದಲ್ಲಿ ಟ್ಯೂಬಿಲ್ಲದ ಟೈರು ರೂಪುಗೊಂಡು, ೧೯೫೫ರ ವೇಳೆಗೆ ಅಲ್ಲಿಯ ಹೊಸ ಕಾರುಗಳಿಗೆಲ್ಲ ಅದೇ ಬಂದಿತು. ನಮ್ಮ ಕಾರುಗಳಿಗೆ ಅದು ಬರಲು ಮತ್ತೆ ಹಲವು ದಶಕಗಳೇ ಬೇಕಾದುವು. ಇದರಲ್ಲಿ ರಬ್ಬರು ಮೊಳೆಯನ್ನು ಗಟ್ಟಿಯಾಗಿ ಕಚ್ಚಿ ಹಿಡಿಯುವುದರಿಂದ ಗಾಳಿ ಭಡಕ್ಕನೆ ಹೋಗುವುದಿಲ್ಲ, ಉಪಕಾರವೇ ಸರಿ. ಆದರೆ ಗಾಳಿಯನ್ನು ಹಿಡಿದಿಡುವ ಹೊಣೆ ಈಗ ಟೈರು, ಅದರ ಅಂಚು, ಲೋಹದ ರಿಮ್ಮು, ವಾಲ್ವು ಇವೆಲ್ಲಕ್ಕೂ ಹಂಚಿಹೋಗಿದೆ. ಹೊಣೆ ಹಲವರಿಗೆ ಹಂಚಿದಾಗ ಕಳ್ಳನನ್ನು ಹಿಡಿಯುವುದು ಕಷ್ಟ.

ಇರಲಿ. ಒಂದು ದಿನ ನನ್ನಾಕೆಯ ಒತ್ತಾಯಕ್ಕೆ ಮಣಿದು ಸಮೀಪದ ಅಂಗಡಿಯೊಂದಕ್ಕೆ ಹೋದೆ. ಅಲ್ಲಿಯ ತರುಣನು ಚಕ್ರವನ್ನು ಬಿಚ್ಚದೆ, ಕಾರನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿಸಿ, ಟೈರಿನ ಮೇಲ್ಮೈಯನ್ನು ಕೈಯಿಂದ ಸವರಿ, "ಸಿಕ್ತು ಸಾರ್" ಎಂದನು. ಸಣ್ಣದೊಂದು ಸ್ಕ್ರೂ ನಿಜವಾಗಿಯೂ ಇತ್ತು. ಅದನ್ನು ಕಿತ್ತು, ತೂತಿಗೆ ಅಂಟುಹಗ್ಗದ ತುಂಡೊಂದನ್ನು ಚುಚ್ಚಿ ತುರುಕಿ, ಹೊರಗೆ ಉಳಿದ ಬಾಲವನ್ನು ಕತ್ತರಿಸಿ, ಐದು ನಿಮಿಷದಲ್ಲಿ ನನ್ನನ್ನು ಬೀಳ್ಕೊಟ್ಟನು. ವಿಜಯೋತ್ಸಾಹದಿಂದ ಮನೆಗೆ ಬಂದೆ. ಮುಂದಿನ ಸೋಮವಾರ ನೋಡುತ್ತೇನೆ: ೨೫ ಪೌಂಡು! ಆ ಸ್ಕ್ರೂ ಪಾಪ, ಗಾಳಿಯ ಕೋಣೆಯವರೆಗೆ ತಲುಪಿಯೇ ಇರಲಿಲ್ಲವೋ ಏನೋ. ಅಪರಾಧಿ ಒಬ್ಬ, ಶಿಕ್ಷೆ ಅನುಭವಿಸಿದವನು ಇನ್ನೊಬ್ಬ.

ಅನಂತರ ಬಂಧುಮಿತ್ರರ ಚಿಕಿತ್ಸೆಗಳು ಆರಂಭವಾದುವು. ಒಬ್ಬರು ಸಾರಜನಕ ತುಂಬಿಸಲು ಹೇಳಿದರು. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ ೭೮ ಪಾಲು ಸಾರಜನಕವಿದೆ. ಶುದ್ಧ ಸಾರಜನಕವು ರಬ್ಬರಿನ ಮೂಲಕ ಇನ್ನಷ್ಟು ನಿಧಾನವಾಗಿ ಜಿನುಗುವುದು ದಿಟವಾದರೂ, ತೂತಿನ ಮುಂದೆ ಯಾವ ಅನಿಲದ ಕುಲಗೋತ್ರವೂ ನಡೆಯುವುದಿಲ್ಲ. ಇನ್ನೊಬ್ಬರು ಟೈರಿನೊಳಗೆ ಸುರಿಯುವ ಅಂಟುದ್ರವವೊಂದನ್ನು ಹೊಗಳಿದರು. ಅದು ಸಣ್ಣ ತೂತನ್ನು ಮುಚ್ಚುವುದುಂಟು. ಆದರೆ ಒಳಗೆಲ್ಲ ಮೆತ್ತಿಕೊಂಡು, ಕೆಲವೊಮ್ಮೆ ವಾಲ್ವಿಗೂ ಕಟ್ಟಿಕೊಂಡು, ಆಮೇಲೆ ಟೈರು ಬಿಚ್ಚಿ ನೋಡಬೇಕಾದವರಿಗೆ ಕಷ್ಟ ತಂದಿಡುತ್ತದೆ. ನಾನು ಎರಡನ್ನೂ ಮಾಡಲಿಲ್ಲ. ಮಾಡಬೇಕಾದುದನ್ನೂ ಮಾಡಲಿಲ್ಲ.

ಡಿಸೆಂಬರ್ ತಿಂಗಳಲ್ಲಿ ಚಿಕ್ಕಬಳ್ಳಾಪುರದಿಂದ ನಮ್ಮ ಅತ್ತೆಯವರನ್ನು ಕರೆತರಬೇಕಾಯಿತು. ಅವರ ಕಣ್ಣಿನ ಪೊರೆ ತೆಗೆಸುವ ಶಸ್ತ್ರಚಿಕಿತ್ಸೆ ಮರುದಿನಕ್ಕೆ ಗೊತ್ತಾಗಿತ್ತು. ಅದಕ್ಕೂ ಹಿಂದಿನ ಎರಡು ವಾರ ಉತ್ತರಪತ್ರಿಕೆಗಳ ರಾಶಿಯ ನಡುವೆ ಮುಳುಗಿದ್ದ ನಾನು ಎರಡು ಸೋಮವಾರಗಳ ವ್ರತವನ್ನು ತಪ್ಪಿಸಿದ್ದೆ. ಬೆಳಗಿನ ಚಳಿ ಬೇರೆ. ಹತ್ತು ಡಿಗ್ರಿ ಸೆಲ್ಸಿಯಸ್ ಉಷ್ಣ ಇಳಿದರೆ, ತೂತೇ ಇಲ್ಲದ ಚಕ್ರದಲ್ಲೂ ಸುಮಾರು ಒಂದೂವರೆ ಪೌಂಡು ಒತ್ತಡ ಕಡಿಮೆಯಾಗುತ್ತದೆ. ಕಣ್ಣಿಗೆ ಚಕ್ರವು 'ಸ್ವಲ್ಪ ತಗ್ಗಿದಂತೆ' ಕಂಡಿತು. ಹೋಗುವ ದಾರಿಯಲ್ಲಿ ಬಂಕಿನ ಗಾಳಿಯಂತ್ರ ಕೆಟ್ಟಿತ್ತು. ಬರುವಾಗ ನೋಡಿದರಾಯಿತು ಎಂದುಕೊಂಡೆ.

ಬರುವಾಗ ಕಾರಿನಲ್ಲಿ ನಾವು ನಾಲ್ವರು. ಹಿಂದೆ ಅಕ್ಕಿಯ ಚೀಲ, ನುಗ್ಗೇಕಾಯಿ, ಎರಡು ಹಲಗೆಪೆಟ್ಟಿಗೆ ದ್ರಾಕ್ಷಿ. ಅತ್ತೆಯವರು ಕುಳಿತಿದ್ದುದು ಹಿಂದೆ, ಎಡಬದಿಯಲ್ಲಿ. ಹೆದ್ದಾರಿ ಅಗಲವಾಗಿ ನುಣುಪಾಗಿತ್ತು. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದೆ. ದೇವನಹಳ್ಳಿ ದಾಟಿ ಬಹುದೂರ ಬಂದಾಗ, ಅದುವರೆಗೆ ಕಣ್ಣು ಮುಚ್ಚಿ ಕುಳಿತಿದ್ದ ಅವರು ಮೆಲ್ಲನೆ ಹೇಳಿದರು:

"ಅಳಿಯಂದಿರೇ, ನಾನು ಕೂತ ಕಡೆ ಕೆಳಗೆ ಏನೋ ದಬದಬ ಅನ್ನುತ್ತಿದೆ. ಸುಟ್ಟ ವಾಸನೆಯೂ ಬಂದಂತಿದೆ."

ಕಣ್ಣು ಮಂಜಾದವರಿಗೆ ತಿಳಿದದ್ದು ಕಣ್ಣು ಚೆನ್ನಾಗಿದ್ದ ನನಗೆ ತಿಳಿದಿರಲಿಲ್ಲ. ಅಷ್ಟರಲ್ಲಿ ಕಾರಿನ ಹಿಂಭಾಗ ಒಮ್ಮೆ ತೊಟ್ಟಿಲಿನಂತೆ ತೂಗಿತು. ಬ್ರೇಕನ್ನು ಒತ್ತಿ ತುಳಿಯದೆ, ವೇಗ ತಾನಾಗಿ ಇಳಿಯಲು ಬಿಟ್ಟು, ಯಲಹಂಕದ ವಾಯುಪಡೆಯ ನೆಲೆಯ ಆಸುಪಾಸಿನಲ್ಲಿ ರಸ್ತೆಯ ಅಂಚಿಗೆ ನಿಲ್ಲಿಸಿದೆ. ಟೈರು ಮುಟ್ಟಿದರೆ ದೋಸೆಯ ಕಾವಲಿ! ಬೆರಳು ಇಡಲಾಗಲಿಲ್ಲ. ಪಕ್ಕದಲ್ಲಿ ಬಸ್ಸುಗಳೂ ಟ್ಯಾಕ್ಸಿಗಳೂ ಗಾಳಿ ಬೀಸಿಕೊಂಡು ಹೋಗುತ್ತಿದ್ದುವು. ಮೂವರನ್ನೂ ಆಟೋ ಹತ್ತಿಸಿ ಮನೆಗೆ ಕಳುಹಿಸಿದೆ. ನನ್ನಾಕೆ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಇನ್ನು ಸ್ಟೆಪ್ನಿ. ಈ ಪದ ಇಂಗ್ಲಿಷಿನವರಿಗೇ ಈಗ ಬಹುಮಟ್ಟಿಗೆ ಮರೆತುಹೋಗಿದೆ, ನಾವು ಉಳಿಸಿಕೊಂಡಿದ್ದೇವೆ. ವೇಲ್ಸ್ ದೇಶದ ಲಾನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ೧೯೦೪ರ ಸುಮಾರಿಗೆ ಹೆಚ್ಚುವರಿ ಚಕ್ರವೊಂದನ್ನು ತಯಾರಿಸಿ ಮಾರತೊಡಗಿದರು. ಬೀದಿಯ ಹೆಸರೇ ಚಕ್ರಕ್ಕೆ ಅಂಟಿ ಸಮುದ್ರ ದಾಟಿ ನಮ್ಮ ಡಿಕ್ಕಿಯೊಳಗೆ ಬಂದು ಕುಳಿತಿತು. ನನ್ನ ಸ್ಟೆಪ್ನಿಗೆ ಗಾಳಿ ನೋಡಿ ಎರಡು ವರ್ಷವಾಗಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಹಲಸಿನ ತೊಳೆಯಂತೆ ಒಳಗೆ ಹೋಗುತ್ತಿತ್ತು. ಬೇರೆ ದಾರಿ ಕಾಣದೆ ಅದನ್ನೇ ತೊಡಿಸಿ, ಸರ್ವಿಸ್ ರಸ್ತೆಗೆ ಇಳಿದು, ಎತ್ತಿನ ಗಾಡಿಯ ವೇಗದಲ್ಲಿ ತೆವಳುತ್ತ, ದಾರಿಯಲ್ಲಿ ಕಂಡ ಮೊದಲ ಬಂಕಿನಲ್ಲಿ ಅದಕ್ಕೆ ಗಾಳಿ ತುಂಬಿಸಿಕೊಂಡು ಬ್ಯಾಟರಾಯನಪುರ ಸೇರಿದೆ.

ನಮ್ಮೂರಿನಲ್ಲಿ ಒಂದು ಹಳೆಯ ಪಂಕ್ಚರ್ ಅಂಗಡಿಯಿದೆ. ಅಂಗಡಿಯೆಂದರೆ ಒಂದು ತಗಡಿನ ಮಾಡು, ಒಂದು ಕಂಪ್ರೆಸರು, ಅರ್ಧ ಕತ್ತರಿಸಿದ ಡ್ರಮ್ಮಿನ ತುಂಬ ಕಪ್ಪು ನೀರು, ಕಂಬಕ್ಕೆ ಜೋತುಬಿಟ್ಟ ಟೈರಿನ ಮೇಲೆ ಸುಣ್ಣದಲ್ಲಿ ಬರೆದ ಬೋರ್ಡು. ಬೆಂಗಳೂರಿನ ಈ ಕಸುಬಿನಲ್ಲಿ ಕೇರಳದಿಂದ ಬಂದವರು ಬಹಳ ಮಂದಿ. ಇದರ ಯಜಮಾನರೂ ಆ ಕಡೆಯವರೇ, ವಯಸ್ಸಾದವರು. ನಾನು ಅವರಲ್ಲಿಗೆ ಮೊದಲೇ ಹೋಗದಿದ್ದುದಕ್ಕೆ ಕಾರಣ, ಅವರ ಅಂಗಡಿಯ ಮುಂದೆ ಬಿದ್ದಿದ್ದ ಮೊಳೆಗಳ ಡಬ್ಬಿಯನ್ನು ಕಂಡು ನನಗೆ ಹುಟ್ಟಿದ್ದ ಗುಮಾನಿ. ಅದು ಅವರು ಗಿರಾಕಿಗಳ ಟೈರುಗಳಿಂದ ಕಿತ್ತ ಮೊಳೆಗಳ ಡಬ್ಬಿಯೆಂದು ಈಗ ತಿಳಿದೆ.

"ಯಜಮಾನರೇ, ಇದು ತಿಂಗಳುಗಳಿಂದ ಸೋರುತ್ತಿದೆ" ಎಂದೆ.

"ತಿಂಗಳಿಂದ ಅಂದರೆ ಮೊಳೆ ಕಡಿಮೆ ಸಾರ್, ಬೇರೆ ಏನೋ ಇರುತ್ತದೆ. ನೋಡೋಣ" ಎಂದರು.

ಅವರು ನೋಡಿದ ಕ್ರಮವನ್ನು ವಿವರವಾಗಿ ಹೇಳಬೇಕು. ಟೈರಿಗೆ ಮೊದಲು ಗಾಳಿ ತುಂಬಿದರು. ಗಾಳಿಯಿಲ್ಲದ ಟೈರಿನಲ್ಲಿ ಸೋರುವ ಜಾಗ ತನ್ನನ್ನು ತೋರಿಸಿಕೊಡುವುದಿಲ್ಲ. ವಾಲ್ವಿನ ಮುಚ್ಚಳ ತೆಗೆದು ಬಾಯಿಗೆ ಒಂದು ಹನಿ ಸೋಪಿನ ನೀರು ಇಟ್ಟು ಕಾದರು. ಗುಳ್ಳೆ ಏಳಲಿಲ್ಲ. ಎದ್ದಿದ್ದರೆ ಒಳಗಿನ ಪಿನ್ನು ಸಡಿಲವೋ ಕೊಳೆಯೋ ಎಂದರ್ಥ. ಹತ್ತಿಪ್ಪತ್ತು ರೂಪಾಯಿನ ಪಿನ್ನು ಬದಲಿಸಿದರೆ ಮುಗಿಯಿತು. ವಾಲ್ವಿನ ರಬ್ಬರು ಕಾಂಡವನ್ನು ಅತ್ತಿತ್ತ ಬಾಗಿಸಿ ಬುಡಕ್ಕೂ ನೀರು ಹಚ್ಚಿದರು. ಅಲ್ಲಿ ಬಿರುಕು ಬಿಡುವುದೂ ಉಂಟಂತೆ. ಅಲ್ಲಿಯೂ ಇಲ್ಲ. ಬಳಿಕ ಚಕ್ರವನ್ನು ಡ್ರಮ್ಮಿನೊಳಗೆ ಮುಳುಗಿಸಿ ಒಂದೊಂದು ಅಂಗುಲವಾಗಿ ತಿರುಗಿಸಿದರು. ಹಳೆಯ ಅಂಟುಹಗ್ಗದ ಜಾಗ ಭದ್ರವಾಗಿತ್ತು. ನಾನು ಮುಗಿಯಿತೆಂದುಕೊಂಡೆ. ಅವರು ಚಕ್ರವನ್ನು ಮಗುಚಿ ಒಳಮುಖ ಮೇಲೆ ಮಾಡಿ, ನೀರಿನಲ್ಲಿ ಅಲುಗಾಡದಂತೆ ಹಿಡಿದು, ಸುಮ್ಮನೆ ನಿಂತರು. ಒಂದು ನಿಮಿಷ. ಎರಡು ನಿಮಿಷ. ಬೀಡಿಯನ್ನೂ ಹಚ್ಚಲಿಲ್ಲ, ಮಾತನ್ನೂ ಆಡಲಿಲ್ಲ.

ಆಗ ಟೈರಿನ ಅಂಚು ರಿಮ್ಮಿಗೆ ಕೂರುವ ಸಂದಿನಿಂದ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಯೊಂದು ಹೊರಟು, ಲೋಹಕ್ಕೆ ಅಂಟಿಕೊಂಡು, ಸಾವಕಾಶವಾಗಿ ಮೇಲೆದ್ದಿತು. ಅದರ ಹಿಂದೆ ಇನ್ನೊಂದು. ಯಜಮಾನರು ಆ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದರು.

ಟೈರನ್ನು ಬಿಚ್ಚಿದಾಗ ಕಂಡದ್ದು ತುಕ್ಕು. ಕೈಯಗಲದಷ್ಟು ಜಾಗದಲ್ಲಿ ಉಕ್ಕಿನ ರಿಮ್ಮಿನ ಬಣ್ಣ ಎದ್ದು, ಕೆಳಗೆ ತುಕ್ಕು ಪದರಪದರವಾಗಿ ಉಬ್ಬಿತ್ತು. ಟೈರಿನ ಅಂಚನ್ನು ಅಂಗಡಿಯವರು ಬೀಡ್ ಎನ್ನುತ್ತಾರೆ. ಅದು ಲೋಹಕ್ಕೆ ಸಪಾಟಾಗಿ ಒತ್ತಿ ಕುಳಿತರೆ ಮಾತ್ರ ಗಾಳಿ ನಿಲ್ಲುವುದು. ತುಕ್ಕಿನ ಒರಟಿನ ಮೇಲೆ ಕುಳಿತರೆ ಕಣ್ಣಿಗೆ ಕಾಣದ ಕಾಲುವೆಗಳು ಉಳಿಯುತ್ತವೆ. (ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರಗಳಲ್ಲಿ ತುಕ್ಕಿನ ಬದಲು ಬಿಳಿಯ ಪುಡಿ ಏಳುತ್ತದೆ, ಪರಿಣಾಮ ಒಂದೇ.) ಅವರು ತಂತಿಬ್ರಷ್ಷಿನಿಂದ ಉಜ್ಜಿ, ಎಮೆರಿ ಕಾಗದದಿಂದ ನುಣುಪು ಮಾಡಿ, ಒರೆಸಿ, ಒಂದು ಕಪ್ಪು ಲೇಪವನ್ನು ತೆಳುವಾಗಿ ಹಚ್ಚಿದರು. ತಿಂಗಳುಗಟ್ಟಲೆ ನನ್ನನ್ನು ಕಾಡಿದ ರೋಗಕ್ಕೆ ಬೇಕಾದ ಚಿಕಿತ್ಸೆ ಇಷ್ಟೇ. ಕೂಲಿ ಮುನ್ನೂರು ರೂಪಾಯಿ.

ಆದರೆ ಅವರು ಟೈರನ್ನು ಮರಳಿ ತೊಡಿಸಲಿಲ್ಲ. ಒಳಗೆ ಕೈಯಾಡಿಸಿ, ಬೆರಳುಗಳನ್ನು ನನ್ನ ಮುಖದ ಮುಂದೆ ಹಿಡಿದರು. ಕಾಡಿಗೆಯಂತಹ ಕಪ್ಪು ಪುಡಿ.

"ಇದು ಧೂಳಲ್ಲ ಸಾರ್, ರಬ್ಬರು. ಗಾಳಿ ಇಲ್ಲದೆ ಜೋರಾಗಿ ಓಡಿಸಿದ್ದೀರಿ. ಪಕ್ಕದ ಗೋಡೆ ಒಳಗೆ ಅರೆದುಹೋಗಿದೆ. ಇಲ್ಲಿ ನೋಡಿ ಗೆರೆ."

ಪಕ್ಕದ ಗೋಡೆಯ ಒಳಮೈಯಲ್ಲಿ ಸುತ್ತಲೂ ಒಂದು ಸುಕ್ಕುಗೆರೆ ಓಡಿತ್ತು. ಗಾಳಿ ಕಡಿಮೆಯಾದ ಟೈರಿನ ಪಕ್ಕಗಳು ಚಕ್ರದ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತವೆ; ಎಂಬತ್ತು ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಹತ್ತು ಸಲಕ್ಕೂ ಹೆಚ್ಚು. ಆ ಮಡಿಕೆಯ ಬಿಸಿಗೆ ಒಳಗಿನ ನೂಲೆಳೆಗಳಿಗೂ ರಬ್ಬರಿಗೂ ಇರುವ ಬಂಧ ಸಡಿಲುತ್ತದೆ. ಹೊರಗಿನಿಂದ ಏನೂ ಕಾಣದು. ಮತ್ತೆ ಗಾಳಿ ತುಂಬಿದರೆ ಗುಂಡಗೆ ನಿಲ್ಲುತ್ತದೆ, ಒಂದು ವಾರವೋ ಒಂದು ತಿಂಗಳೋ ಓಡುತ್ತದೆ. ಒಂದು ದಿನ ಹೆದ್ದಾರಿಯಲ್ಲಿ ಸಿಡಿಯುತ್ತದೆ.

"ಹಾಗೇ ಹಾಕಿಕೊಡಿ ಅಂದರೆ ಹಾಕುತ್ತೇನೆ. ನನ್ನ ಮಗನ ಗಾಡಿಗೆ ಹಾಕೋದಿಲ್ಲ" ಎಂದರು.

ಅವರಲ್ಲಿ ಹೊಸ ಟೈರಿನ ವ್ಯಾಪಾರವಿರಲಿಲ್ಲ. ಆ ಮಾತಿನಿಂದ ಅವರಿಗೆ ಒಂದು ಕಾಸಿನ ಲಾಭವೂ ಇರಲಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳನ್ನೂ ತೋರಿಸಿದರು: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ನನ್ನದು ೨೩೧೮, ಅಂದರೆ ೨೦೧೮ರ ಇಪ್ಪತ್ತಮೂರನೆಯ ವಾರ. ಹೊಸ ಟೈರು ಕೊಳ್ಳುವಾಗ ಈ ಅಂಕಿಯನ್ನು ಓದಿ ಕೊಳ್ಳಬೇಕೆಂದರು. ಮುನ್ನೂರರಲ್ಲಿ ತೀರಬಹುದಾಗಿದ್ದ ಕೆಲಸಕ್ಕೆ ಅದೇ ಸಂಜೆ ಪೇಟೆಯಲ್ಲಿ ಐದು ಸಾವಿರಕ್ಕೂ ಮಿಕ್ಕಿ ತೆತ್ತೆ.

ಮೊಳೆಯ ತೂತಿನ ಬಗ್ಗೆಯೂ ಅವರಿಂದ ಕೇಳಿ ತಿಳಿದದ್ದುಂಟು. ರಸ್ತೆಗೆ ತಾಗುವ ಮುಖದಲ್ಲಿ, ಆರು ಮಿಲಿಮೀಟರಿಗೆ ಮೀರದ ತೂತನ್ನು ಮಾತ್ರ ಮುಚ್ಚಬಹುದು. ಪಕ್ಕದ ಗೋಡೆಯಲ್ಲಾದರೆ ಯಾವ ತೇಪೆಯೂ ಸಲ್ಲದು. ಹೊರಗಿನಿಂದ ಚುಚ್ಚುವ ಅಂಟುಹಗ್ಗ ಊರು ಸೇರಿಸುವ ಉಪಾಯ. ಟೈರು ಬಿಚ್ಚಿ, ಒಳಗನ್ನು ನೋಡಿ, ಅಣಬೆಯಾಕಾರದ ತೇಪೆಯನ್ನು ಒಳಗಿನಿಂದ ಹೊರಕ್ಕೆ ಎಳೆದು ಅಂಟಿಸುವುದೇ ಸರಿಯಾದ ದುರಸ್ತಿ. ಹೆಚ್ಚು ಹೊತ್ತು ಹಿಡಿಯುತ್ತದೆ, ದುಡ್ಡೂ ಹೆಚ್ಚು. ಗಿರಾಕಿಗಳು ಒಪ್ಪುವುದಿಲ್ಲವೆಂದು ನಕ್ಕರು. ಆ ನಗೆ ನನ್ನನ್ನು ಕುರಿತದ್ದೆಂದೇ ನಾನು ಭಾವಿಸಿದೆ.

ಈಗ ನಮ್ಮಲ್ಲಿ ಒಂದು ಒತ್ತಡದ ಮಾಪಕವೂ ಒಂದು ಎಂಬತ್ತು ಪುಟದ ನೋಟುಪುಸ್ತಕವೂ ಇವೆ. ಹೊಸ ಕಾರುಗಳು ಹಲವಕ್ಕೆ ಗಾಳಿ ಇಳಿದೊಡನೆ ದೀಪ ಹೊತ್ತಿ ಎಚ್ಚರಿಸುವ ಏರ್ಪಾಡಿದೆ, ನಮ್ಮದಕ್ಕೆ ಇಲ್ಲ. ಅಳೆಯುವುದು ಬೆಳಿಗ್ಗೆ, ಕಾರು ಹೊರಡುವ ಮೊದಲು, ಯಾವಾಗಲೂ ಒಂದೇ ಮಾಪಕದಿಂದ. ಏಕೆಂದರೆ ಓಡಿ ಬಂದ ಟೈರು ಬಿಸಿಯಿಂದ ನಾಲ್ಕೈದು ಪೌಂಡು ಹೆಚ್ಚೇ ತೋರಿಸುತ್ತದೆ, ಅದನ್ನು ಕಂಡು ಗಾಳಿ ಬಿಟ್ಟರೆ ಕೆಟ್ಟಿತು. ತಿಂಗಳಿಗೆ ಒಂದೆರಡು ಪೌಂಡು ಇಳಿಯುವುದು ಎಲ್ಲ ಟೈರಿಗೂ ಸಹಜ. ನಾಲ್ಕರಲ್ಲಿ ಒಂದೇ ಚಕ್ರ ಹೆಚ್ಚು ಇಳಿಯುತ್ತಿದ್ದರೆ ಅದು ರೋಗ. ನಾಲ್ಕೂ ಒಟ್ಟಿಗೆ ಇಳಿದಂತೆ ಕಂಡರೆ ಹವೆಯೋ ಊರೋ ಬದಲಾಗಿರಬೇಕು: ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ ತುಂಬಿದ ಗಾಳಿ, ಉಷ್ಣ ಒಂದೇ ಇದ್ದರೆ, ಮಂಗಳೂರಿನ ಕಡಲತೀರದಲ್ಲಿ ಸುಮಾರು ಒಂದೂವರೆ ಪೌಂಡು ಕಡಿಮೆ ತೋರುತ್ತದೆ. ಹೊರಗಿನ ವಾಯುಭಾರ ಅಲ್ಲಿ ಹೆಚ್ಚು, ಅಷ್ಟೆ. ಒಳಗಿನ ಗಾಳಿ ಎಲ್ಲಿಗೂ ಹೋಗಿರುವುದಿಲ್ಲ. ಸೋಪಿನ ನೀರಿನ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ನಮ್ಮ ಮಗಳು ಅದನ್ನು ವಹಿಸಿಕೊಂಡಿದ್ದಾಳೆ. ಹಳೆಯ ಸಿಂಪಡಿಸುವ ಶೀಶೆಯಲ್ಲಿ ನೊರೆನೀರು ಕಲಸಿಕೊಂಡು, ಮೊದಲ ಭಾನುವಾರವೇ ಮುಂದಿನ ಬಲಚಕ್ರದ ವಾಲ್ವಿನಲ್ಲಿ ಗುಳ್ಳೆ ಹಿಡಿದಳು.

ಅತ್ತೆಯವರ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಪಟ್ಟಿ ಬಿಚ್ಚಿದ ಮೇಲೆ ಮೊದಲ ಸಲ ಕಾರು ಹತ್ತುವ ಮುನ್ನ ಅವರು ಹಿಂಬದಿಯ ಎಡಚಕ್ರದ ಬಳಿ ನಿಂತು, ಬಗ್ಗಿ, ಚೆನ್ನಾಗಿ ನೋಡಿದರು.

"ಎಷ್ಟಿದೆ ಅಳಿಯಂದಿರೇ?" ಎಂದು ಕೇಳಿದರು.

"ಮೂವತ್ತಮೂರು, ಅತ್ತೆ."

"ಪುಸ್ತಕ ತೋರಿಸಿ" ಎಂದರು.